ಚಿಗರಿಗೆಂದು ಬಿತ್ತಿದ ಕಡಲೆ

ನನ್ನ ಕಾಡಿನಲ್ಲಿ ಮರಗಳಿರಲಿಲ್ಲ. ಅರಣ್ಯದ ಕೆಲಸಕ್ಕೆ ಹೊಸದಾಗಿ ಸೇರಿದವರು ಬಳ್ಳಾರಿಯ ನನ್ನ ಮನೆಗೆ ಬಂದಾಗ ಹುಲಿ ಎಷ್ಟು ಸಲ ಕಂಡಿತ್ತು, ಆನೆ ಅಟ್ಟಿಸಿಕೊಂಡು ಬಂದಿತ್ತೇ ಎಂದು ಕೇಳುತ್ತಾರೆ. ನನಗೆ ನಗು ಬರುತ್ತದೆ. ನಾನು ಕಾಯ್ದದ್ದು ಸಿರುಗುಪ್ಪದ ಕಡೆಯ ಕಪ್ಪು ನೆಲವನ್ನು. ಕಣ್ಣು ಹಾಯುವಷ್ಟು ದೂರ ಎರೆ, ಅಲ್ಲೊಂದು ಇಲ್ಲೊಂದು ಜಾಲಿಗಿಡ, ಅದರಾಚೆ ಆಕಾಶ. ಗಾರ್ಡಾಗಿ ಸೇರಿದೆ, ಫಾರೆಸ್ಟರಾಗಿ ಹೊರಬಂದೆ. ಬಡ್ತಿಯ ವಿಚಾರ ಇಷ್ಟೇ, ಅದನ್ನು ಇಲ್ಲಿಗೇ ಬಿಡುತ್ತೇನೆ.

ನನ್ನ ಸ್ವಭಾವದ ಬಗ್ಗೆ ಒಂದು ಮಾತು ಹೇಳಬೇಕು. ನಾನು ಕುಳಿತಲ್ಲೇ ಕನಸು ಕಾಣುವ ಮನುಷ್ಯ. ಬದುವಿನ ಮೇಲೆ ಕುಳಿತು ಬಿಸಿಲನ್ನು ನೋಡುತ್ತಿದ್ದರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ನಮ್ಮ ರೇಂಜರ್ ಸುಬ್ಬರಾಯುಡು ಸಾಹೇಬರಿಗೆ ಇದು ಗೊತ್ತಿತ್ತು. ಅವರ ಮನೆಮಾತು ತೆಲುಗು. ಜೀಪು ನಿಲ್ಲಿಸಿ, "ಏಮಯ್ಯಾ ಪಂಪಣ್ಣ, ನಿದ್ದೀನಾ, ಡ್ಯೂಟೀನಾ?" ಎಂದು ಕೇಳುತ್ತಿದ್ದರು. ಎರಡೂ ಸೇರಿಯೇ ನಡೆಯುತ್ತಿದ್ದವು. ಹಾಗಾಗಿ ನಾನು ಇಲ್ಲಿ ಹೇಳುವುದರಲ್ಲಿ ಕೆಲವು ಬೆಳಗುಗಳು ನಿಜವಾಗಿ ಹಾಗೇ ಇದ್ದವೋ, ನಾನೇ ಹಾಗೆ ಕಂಡೆನೋ, ಈಗ ಆಣೆಯಿಟ್ಟು ಹೇಳಲಾರೆ.

ಮೊದಮೊದಲು ನಮ್ಮ ಕೆಲಸವೆಂದರೆ ಕಟ್ಟಿಗೆ ಕಾಯುವುದು. ಗಿಡ ಕಡಿದವರನ್ನು ಹಿಡಿ, ಗಾಡಿ ತಡೆ, ಬರೆದುಕೋ. ಪ್ರಾಣಿ ಪಕ್ಷಿ ಯಾರ ಲೆಕ್ಕದಲ್ಲೂ ಇರಲಿಲ್ಲ. ಎಪ್ಪತ್ತರ ದಶಕದಲ್ಲಿ ಬೇಟೆಯ ಕಾಯಿದೆ ಬಿಗಿಯಾಯಿತು. ಒಂದು ದಿನ ಇದ್ದಕ್ಕಿದ್ದಂತೆ ಚಿಗರಿ, ಮೊಲ, ನವಿಲು ಎಲ್ಲ ನಮ್ಮ ಪಾಲಿಗೆ ಬಂದವು. ಚಿಗರಿ ಎಂದರೆ ನಿಮ್ಮ ಪುಸ್ತಕದ ಕೃಷ್ಣಮೃಗ. ಕಾಯುವುದಷ್ಟೇ ಅಲ್ಲ, ಅವುಗಳ ಹೊಟ್ಟೆಯನ್ನೂ ನೋಡಿಕೊಳ್ಳಬೇಕು ಎಂದು ಸುಬ್ಬರಾಯುಡು ಸಾಹೇಬರು ಎಲ್ಲೋ ಓದಿ ಬಂದರು. ಸಣ್ಣ ತುಂಡು ಭೂಮಿ ಹಸನು ಮಾಡಿ ಪ್ರಾಣಿಗಳಿಗೆಂದೇ ಬಿತ್ತುವುದು. ಅದಕ್ಕೆ ಮೇವಿನ ತಾಕು ಎಂದು ಹೆಸರಿಟ್ಟರು.

ಮೊದಲ ತಾಕು ಮಾಡಿದ್ದು ಕುರುಗೋಡಿನಲ್ಲಿ, ಬಂಡೆಗುಡ್ಡದ ಬುಡದಲ್ಲಿ. ನವಿಲುಗಳಿಗೆಂದು ನವಣೆ, ಸಜ್ಜೆ ಚೆಲ್ಲಿದೆವು. ಮಳೆ ಚೆನ್ನಾಗಿ ಬಂತು. ಪೈರು ಮೊಣಕಾಲೆತ್ತರ ಎದ್ದಿತು. ನವಿಲು ಬಂಡೆಯ ಮೇಲಿಂದ ಇಳಿದು ಬರುವುದನ್ನು ನಾನು ಮಂಪರಿನಲ್ಲಿ ಕಾಣುತ್ತಾ ಕುಳಿತಿದ್ದೆ. ಕಣ್ಣು ಬಿಟ್ಟಾಗ ತಾಕಿನ ತುಂಬ ಊರ ಆಡುಗಳಿದ್ದವು. ಸಂಜೆಯೊಳಗೆ ನೆಲ ಕೆರೆದಿಟ್ಟಂತಾಯಿತು. ಆಡು ಕಾಯುವ ಹೆಂಗಸನ್ನು ಗದರಿಸಿದರೆ ಅವಳು, "ಯಣ್ಣಾ, ಬಿತ್ತಿದ್ದು ಸರ್ಕಾರ. ನಮ್ ಆಡಿಗೆ ಸರ್ಕಾರ ಬ್ಯಾರೆ ಐತೇನು?" ಎಂದಳು. ಸಾಹೇಬರು ಅಂದಿನಿಂದ ಒಂದೇ ಮಂತ್ರ ಹಿಡಿದರು: ಮೊದಲು ಬೇಲಿ, ಆಮೇಲೆ ಬೀಜ. ಆ ಮಂತ್ರವೇ ಮುಂದೆ ನಮ್ಮನ್ನು ಹಳ್ಳಕ್ಕೆ ಕೆಡವಿತು.

ಕುರುಗೋಡಿನಿಂದ ನನಗೂ ಸಾಹೇಬರಿಗೂ ಸಿರುಗುಪ್ಪಕ್ಕೆ ವರ್ಗವಾಯಿತು. ನನ್ನದು ಹಚ್ಚೊಳ್ಳಿ ಕಡೆಯ ಬೀಟು. ಆಗ ಕಾಲುವೆ ನೀರು ಬಂದ ಕಡೆಯಲ್ಲೆಲ್ಲ ಭತ್ತವಾಗಿ, ಚಿಗರಿಗಳು ಒಣಭೂಮಿಯ ಕಡೆಗೆ ಸರಿದಿದ್ದವು. ಒಂದು ಹಿಂಡು ಗಾದಿಲಿಂಗಪ್ಪ ಎಂಬ ರೈತನ ಹೊಲದ ಸುತ್ತ ಠಿಕಾಣಿ ಹೂಡಿತ್ತು. ಹಿಂಗಾರಿಗೆ ಅವನು ಕಡಲೆ ಬಿತ್ತುತ್ತಿದ್ದ. ವರ್ಷಕ್ಕೆ ಅದೊಂದೇ ಬೆಳೆ. ಚಿಗರಿಗೆ ಎಳೆಯ ಕಡಲೆಗಿಡವೆಂದರೆ ಪ್ರಾಣ.

ಒಂದು ಸುಗ್ಗಿ ಮುಗಿದ ಮೇಲೆ ಅವನು ಸಿರುಗುಪ್ಪದ ನಮ್ಮ ಆಫೀಸಿಗೇ ಬಂದ. ಎತ್ತರದ ಆಳು, ಮಾತು ಕಡಿಮೆ. ಟವೆಲ್ಲು ಬಿಚ್ಚಿ, ಚಿಗುರು ಕಚ್ಚಿ ಬೋಳಾದ ಕಡಲೆಗಿಡಗಳನ್ನು ಸಾಹೇಬರ ಟೇಬಲ್ಲಿನ ಮೇಲೆ ಸುರಿದ.

"ನಿಮ್ ದನ ನಮ್ ಹೊಲದಾಗ ಮೇಯಾಕತ್ಯಾವ್ರಿ," ಎಂದ.

"ನಮ್ಮ ದನ ಅಲ್ಲಪ್ಪಾ, ಅವು ಕಾಡುಪ್ರಾಣಿ," ಎಂದರು ಸಾಹೇಬರು.

"ಹೊಡಿಯಾಕ ಹೋದ್ರ ನಿಮ್ಮವು ಅಂತೀರಿ, ಮೇದ್ರ ಕಾಡಿನವು ಅಂತೀರಿ. ಕಾಡ ಎಲ್ಲೈತ್ರಿ ನಮ್ಮಲ್ಲಿ?" ಅವನ ದನಿ ಏರಲಿಲ್ಲ. "ಬಲಿ ಹಾಕಿ ಚಿಗರಿ ಹಿಡಿಯೋರು ಸಂತಿಗೆ ಬರ್ತಾರ್ರಿ. ನಾ ಒಂದ್ ಮಾತು ಹೂಂ ಅಂದ್ರ ಒಂದ್ ಮುಂಜಾನಿಗೆ ಹಿಂಡ ಹಿಂಡೇ ಖಾಲಿ. ನನ್ನ ಮನಸ್ಸು ಒಪ್ಪವಲ್ದು, ಅದಕ್ಕ ಬಂದೀನಿ. ಬರೂ ಹಿಂಗಾರಿ ಒಂದು ನೋಡ್ತೀನ್ರಿ."

ಅವನು ಹೋದ ಮೇಲೆ ಸಾಹೇಬರು ಊರ ನಕ್ಷೆ ತೆಗೆಸಿದರು. ಅವನ ಹೊಲದಿಂದ ಕೂಗಳತೆಯಲ್ಲಿ ಒಂದು ತುಂಡು ಸರ್ಕಾರಿ ಪೋರಂಬೋಕು ಜಮೀನಿತ್ತು. ಅಲ್ಲೊಂದು ಮೇವಿನ ತಾಕು ಮಾಡಿದರೆ ಹಿಂಡು ಅಲ್ಲೇ ಮೇಯ್ದುಕೊಂಡು ಅವನ ಕಡಲೆ ಬಿಡಬಹುದು. ಬಿಡದಿದ್ದರೆ ಬಲೆ ಬರುತ್ತದೆ. ಮನುಷ್ಯ ಸುಳ್ಳು ಹೇಳುವವನಂತೆ ಕಾಣಲಿಲ್ಲ.

ಈಗ ಕೆಲಸಕ್ಕೆ ಸೇರುವವರು ಕೇಳಿ. ಎರೆಭೂಮಿಯಲ್ಲಿ ತಾಕು ಮಾಡುವುದು ಬೇಸಿಗೆಯಲ್ಲೇ ಶುರು. ಬಿರುಕು ಬಿಟ್ಟ ನೆಲದಲ್ಲಿ ಜಾಲಿ ಬೇರು, ಕರಿಕೆ ಬೇರು ಕಿತ್ತು ಸುಡಬೇಕು. ಮುಂಗಾರು ಮಳೆ ಬಿದ್ದಾಗಲೆಲ್ಲ ಕುಂಟೆ ಹೊಡೆದು ಕಳೆ ಸಾಯಿಸಿ, ಹಸಿಯನ್ನು ಒಳಗೇ ಮುಚ್ಚಿಡಬೇಕು. ಹಿಂಗಾರಿನ ಚಿತ್ತಿ ಮಳೆಯ ಹೊತ್ತಿಗೆ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಅದುಮಿ ನೋಡಬೇಕು. ಉಂಡೆ ಕಟ್ಟಬೇಕು, ಕೈಬಿಟ್ಟರೆ ಒಡೆಯಬೇಕು. ಅಂಟಿಕೊಂಡರೆ ಇನ್ನೂ ಕಾಯಿರಿ. ಚಿಗರಿಗೆ ಎತ್ತರದ ಬೆಳೆ ಬೇಡ. ತೋಳ ಬಂದರೆ ದೂರದಿಂದಲೇ ಕಾಣಬೇಕು ಅದಕ್ಕೆ. ಹಾಗಾಗಿ ಜೋಳ ಬಿಟ್ಟು ಕಡಲೆ, ನಡುನಡುವೆ ಹುರುಳಿ.

ಎತ್ತು, ಕೂರಿಗೆ ಎಲ್ಲಿಂದ ತರುವುದು? ಹತ್ತಿರದಲ್ಲಿದ್ದದ್ದು ಗಾದಿಲಿಂಗಪ್ಪನವೇ. ಕೇಳಿದಾಗ ಅವನು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದ. ಆದರೂ ಬಂದ. ಅವನ ಹೆಂಡತಿ ಈರಮ್ಮ ಉಡಿಯಲ್ಲಿ ಬೀಜ ಕಟ್ಟಿಕೊಂಡು ಬಂದಳು. ಕೂರಿಗೆಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಗಂಡ ಎತ್ತು ಹೊಡೆಯುತ್ತಿದ್ದರೆ ಅವಳು ಕೂರಿಗೆಯ ಬಟ್ಟಲಿಗೆ ಬೀಜ ಬಿಡುತ್ತಾ ಹಿಂದೆ ನಡೆದಳು. ಕಾಳು ಕೊಳವೆಯಲ್ಲಿ ಇಳಿಯುವ ಸಣ್ಣ ಸದ್ದು ಬಿಟ್ಟರೆ ಆ ಬಯಲಿನಲ್ಲಿ ಬೇರೆ ಸದ್ದಿರಲಿಲ್ಲ. ದೂರದಲ್ಲಿ ಹಿಂಡು ನಿಂತು ನಮ್ಮನ್ನೇ ನೋಡುತ್ತಿತ್ತು. ಕರಿಯ ಗಂಡೊಂದು ಕೊಂಬೆತ್ತಿ ನಿಂತಿತ್ತು. ಬಿಸಿಲು ಏರಿದಂತೆ ಅವುಗಳ ಕಾಲು ಕರಗಿಹೋಗಿ, ಬರೀ ಮೈಗಳು ನೆಲದಿಂದ ಮೇಲೆ ತೇಲುತ್ತಿರುವಂತೆ ಕಾಣಿಸಿತು. ಆ ಮಧ್ಯಾಹ್ನ ನೆನಪಾದರೆ ಈಗಲೂ ಕಣ್ಣು ಎಳೆಯುತ್ತದೆ.

ಸಾಹೇಬರ ಮಂತ್ರದಂತೆ ತಾಕಿನ ಸುತ್ತ ಜಾಲಿಮುಳ್ಳು ಜಡಿದೆವು. ಊರ ಆಡು ಬರಬಾರದಲ್ಲ. ಚಿಗರಿ ಬರಲು ಒಂದು ಕಡೆ ದಾರಿ ಬಿಟ್ಟಿದ್ದೆ. ತಾಕನ್ನು ನೋಡಿಕೊಳ್ಳುವ ಕೆಲಸವನ್ನು ಆ ಗಂಡ ಹೆಂಡತಿಗೇ ವಹಿಸಿದೆ. ಹೊಸ ಮಣ್ಣಿನಲ್ಲಿ ಬೆಳೆ ಎದ್ದು ಬಂದ ರೀತಿ ನೋಡಬೇಕಿತ್ತು! ಗಾದಿಲಿಂಗಪ್ಪನ ಸ್ವಂತ ಹೊಲ ಅದರ ಮುಂದೆ ಸಪ್ಪೆ. ಸಾಹೇಬರು ಜೀಪಿನಲ್ಲಿ ಬಂದರು, ಹಸಿರು ನೋಡಿ ಹಿರಿಹಿರಿ ಹಿಗ್ಗಿದರು, "ಭೇಷ್, ಒಂದು ಎಲೆ ಕೂಡ ಕಚ್ಚಿಲ್ಲ ನೋಡು!" ಎಂದು ನನ್ನ ಬೆನ್ನು ತಟ್ಟಿದರು. ನಾನೂ ಹಿಗ್ಗಿದೆ. ಪ್ರಾಣಿ ತಿನ್ನಲೆಂದು ಬಿತ್ತಿದ ಬೆಳೆಯಲ್ಲಿ ಒಂದು ಎಲೆಯೂ ಕಚ್ಚಿಲ್ಲವೆಂದು ಇಬ್ಬರು ಅರಣ್ಯ ನೌಕರರು ಸಂತೋಷಪಟ್ಟೆವು. ಅಲ್ಲೇ ಹೊಳೆಯಬೇಕಿತ್ತು.

ಹೊಳೆದದ್ದು ಮಾರ್ಗಶಿರದ ಚಳಿ ಹಿಡಿದ ಮೇಲೆ. ಒಂದು ಮಧ್ಯಾಹ್ನ ಬದುವಿನ ಮೇಲೆ ಅರೆನಿದ್ದೆಯಲ್ಲಿದ್ದೆ. ಎದುರಿಗೆ ತಾಕು. ಅದರ ನಡುವೆ ಕೋಲಿನ ಮೇಲೆ ಸುಣ್ಣದ ಬೊಟ್ಟಿಟ್ಟ ಗಡಿಗೆ, ಅದಕ್ಕೊಂದು ಹಳೆಯ ಅಂಗಿ. ಬೆದರುಬೊಂಬೆ! ಅದರ ಪಕ್ಕದಲ್ಲಿ ಈರಮ್ಮ ಕವಣೆ ಬೀಸಿ ಗಿಳಿ ಹೊಡೆಯುತ್ತಿದ್ದಾಳೆ. ನಾನು ಬಿಟ್ಟಿದ್ದ ದಾರಿಗೆ ಅಡ್ಡಲಾಗಿ ಒಳ್ಳೆ ಗಟ್ಟಿ ಮುಳ್ಳುಕಂಟಿ. ಇದೆಲ್ಲ ದಿನಾ ಕಂಡದ್ದೇ. ಆವತ್ತು ಕಣ್ಣು ಅದರಾಚೆ ಹೋಯಿತು. ಗಾದಿಲಿಂಗಪ್ಪನ ಹೊಲದಲ್ಲಿ, ಕಾವಲಿಲ್ಲದ ಕಡಲೆಯಲ್ಲಿ, ಹಿಂಡಿಗೆ ಹಿಂಡೇ ತಲೆ ತಗ್ಗಿಸಿ ಮೇಯುತ್ತಿತ್ತು.

ಎದ್ದು ಓಡಿದೆ. "ಅಣ್ಣಾ, ಇದೇನು ಮಾಡಿಟ್ಟೀರಿ! ಈ ತಾಕು ಚಿಗರಿಗೆ ಅಲ್ಲೇನು? ಇದಕ್ಕ ಬೊಂಬಿ ನಿಲ್ಲಿಸಿ, ದಾರಿ ಮುಚ್ಚಿ, ಅತ್ಲಾಗ ನಿಮ್ಮ ಹೊಲ ಬಿಟ್ಟುಕೊಟ್ಟೀರಲ್ಲ!"

ಗಾದಿಲಿಂಗಪ್ಪ ತನ್ನ ಹೊಲ ನೋಡಿದ, ತಾಕು ನೋಡಿದ. ಮುಖ ಕಪ್ಪಿಟ್ಟಿತು. "ಗೊತ್ತೈತ್ರಿ ಚಿಗರಿಗೆ ಅಂತ," ಎಂದ ತಡೆದು. "ನಾನೇ ಬಿತ್ತೀನಿ. ಆದ್ರ ಬೆಳಿ ಕಣ್ಮುಂದ ನಿಂತೈತಿ. ತಿನ್ನೂದು ನೋಡ್ಕೋಂತ ಹೆಂಗ ಕುಂದರ್ಲಿ? ಕೈ ಕೇಳಂಗಿಲ್ರಿ."

ಹಿಂದಿನ ವಾರ ಅದೇ ತಾಕಿನಲ್ಲಿ ಮೊಲ ಕಂಡಾಗ ನಾನೇ ಮಣ್ಣಿನ ಹೆಂಟೆ ಎಸೆದು ಓಡಿಸಿದ್ದೆ. ನಾನೂ ಕೊಳಗಲ್ಲು ಊರಿನ ರೈತನ ಮಗನೇ. ಎರೆ ಸೀಮೆಯಲ್ಲಿ ಹುಟ್ಟಿದವನಿಗೆ ಬೆಳೆ ತಿನ್ನಿಸುವುದು ಕಲಿಸಿದರೂ ಬರುವುದಿಲ್ಲ. ಬೊಂಬೆ ತೆಗೆಯುತ್ತೇನೆ ಎಂದು ಗಾದಿಲಿಂಗಪ್ಪ ಮಾತುಕೊಟ್ಟ. ಮರುದಿನ ಹೋದರೆ ಬೊಂಬೆ ಅಲ್ಲೇ ಇತ್ತು. ನಾಳೆ ಎಂದ. ನಾಳೆಯೂ ಇತ್ತು. ಹಿಂಡು ಮಾತ್ರ ದಿನಾ ಅವನ ಹೊಲಕ್ಕೆ ಇಳಿಯುತ್ತಲೇ ಇತ್ತು. ಆ ವಾರ ಅವನು ಸಂತೆಗೆ ಹೋಗಿ ಬಂದ. ಬಂದವನು ನನ್ನ ಮುಖ ನೋಡದೆ ಮಾತಾಡಿದ. ಏಕೆಂದು ನನಗೆ ಆಗ ತಿಳಿಯಲಿಲ್ಲ.

ಅಷ್ಟರಲ್ಲಿ ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಆ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ, ಬದನೆಕಾಯಿ. ಐದು ಕಲ್ಲಿಗೆ ಸುಣ್ಣ ಬಳಿದು ಪೂಜೆ ಮಾಡಿ, ಎಲ್ಲ ಅಡುಗೆಯನ್ನೂ ಕಲಸಿ ಹೊಲದ ತುಂಬ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಅದಾದ ಮೇಲೆಯೇ ಊಟ. ನನ್ನನ್ನೂ ಕರೆದಿದ್ದರು. ಈರಮ್ಮ ಬುಟ್ಟಿ ಹಿಡಿದು ಹೊಲದ ಅಂಚಿನಲ್ಲಿ ನಡೆಯುತ್ತಾ ಹಿಡಿಹಿಡಿ ಚೆಲ್ಲುತ್ತಿದ್ದಳು. ನಾನು ನೀರಿನ ತಂಬಿಗೆ ಹಿಡಿದು ಹಿಂದೆ ಹೋಗುತ್ತಿದ್ದೆ. ಸುಮ್ಮನೆ ಮಾತಿಗೆ ಕೇಳಿದೆ, "ಅಕ್ಕಾ, ಇದನ್ನ ಯಾರು ತಿಂತಾರ?"

"ಯಾರರ ತಿನ್ಲಿ. ಹುಳ ತಿನ್ಲಿ, ಹಕ್ಕಿ ತಿನ್ಲಿ. ಚೆಲ್ಲಿದ ಮ್ಯಾಲ ಅದು ನಮ್ದಲ್ಲ."

"ಮತ್ತ ಗಿಳಿ ಬಂದ್ರ ಕವಣಿ ಬೀಸ್ತೀಯೇನು?"

"ಹುಚ್ಚದೀರಿ ಬಿಡ್ರಿ! ಚರಗಕ್ಕ ಯಾರರ ಕಾವಲ ಕುಂದರ್ತಾರೇನು?" ಎಂದು ನಕ್ಕಳು. ನಗು ಹಾಗೇ ನಿಂತಿತು. ತಾಕಿನ ಕಡೆ ತಿರುಗಿ ನೋಡಿದಳು. ಆಮೇಲೆ ಗಂಡನನ್ನು ಕೂಗಿ, "ಏನ್ರಿ, ಬರ್ರಿ ಇಲ್ಲೆ. ಅದನ್ನೂ ಇವತ್ತ ಚೆಲ್ಲಿಬಿಡೂಣು," ಎಂದಳು.

ಗಾದಿಲಿಂಗಪ್ಪನಿಗೆ ಒಮ್ಮೆಗೇ ಅರ್ಥವಾಗಲಿಲ್ಲ. ಅವಳು ಕಾಯಲಿಲ್ಲ. ಬುಟ್ಟಿ ಹಿಡಿದು ತಾಕಿನವರೆಗೆ ನಡೆದುಹೋಗಿ, ಬೇಲಿಯ ಮೇಲಿಂದ ಮೂರು ಹಿಡಿ ಚರಗ ಒಳಗೆ ಎಸೆದು ಕೈಮುಗಿದಳು. ಅವನು ಬಂದು ಅವಳ ಪಕ್ಕದಲ್ಲಿ ನಿಂತ. ಆಮೇಲೆ ದಾರಿಗೆ ಹಾಕಿದ್ದ ಮುಳ್ಳನ್ನು ಬರಿಗೈಯಿಂದಲೇ ಎಳೆದು ಹಾಕಿದ. ಒಳಗೆ ಹೋಗಿ ಗಡಿಗೆ, ಅಂಗಿ, ಕೋಲು ಎಲ್ಲ ಕಿತ್ತು ಹೆಗಲ ಮೇಲೆ ಹೊತ್ತುಕೊಂಡು ಬಂದು ತನ್ನ ಹೊಲದಲ್ಲಿ ನೆಟ್ಟ. ಬೈದು ಹೇಳಿ ನಾನು ಮಾಡಿಸಲಾರದ ಕೆಲಸ ಒಂದು ಬುಟ್ಟಿ ರೊಟ್ಟಿಪಲ್ಯದಿಂದ ಆಯಿತು. ಕೊಟ್ಟುಬಿಟ್ಟದ್ದಕ್ಕೆ ಕಾವಲಿಲ್ಲ. ನಿಮ್ಮ ತರಬೇತಿಯಲ್ಲಿ ಇದನ್ನು ಹೇಳಿಕೊಡುವುದಿಲ್ಲವೆಂದು ಕಾಣುತ್ತದೆ, ಆದ್ದರಿಂದ ಬರೆದಿಟ್ಟಿದ್ದೇನೆ.

ಹಿಂಡು ತಕ್ಷಣ ಬರಲಿಲ್ಲ. ಮೊದಲು ಗಿಳಿ ಬಂದವು, ಆಮೇಲೆ ಮೊಲ. ಗಾದಿಲಿಂಗಪ್ಪ ಕೈಗಳನ್ನು ಬಗಲಲ್ಲಿ ಅವುಚಿಕೊಂಡು ಕೂರುತ್ತಿದ್ದ. ಆಮೇಲೆ ಒಂದು ಬೆಳಿಗ್ಗೆ ಎರೆಯ ಮೇಲೆ ಮಂಜು ಹಾಲು ಚೆಲ್ಲಿದಂತೆ ಬಿದ್ದಿತ್ತು. ಬಸ್ಸಿಳಿದು ನಡೆದು ಬಂದರೆ ಬೇಲಿಯೂ ಕಾಣುತ್ತಿರಲಿಲ್ಲ. ಮಂಜಿನೊಳಗಿಂದ ಕರಕರ ಎಂದು ಮೇಯುವ ಸದ್ದು ಮಾತ್ರ. ನಿಂತುಕೊಂಡೆ. ಬೆಳಕು ಸ್ವಲ್ಪ ಹೆಚ್ಚಿದಾಗ ಮೊದಲು ಕೊಂಬು ಕಂಡವು, ಆಮೇಲೆ ಬೆನ್ನುಗಳು, ಕೊನೆಗೆ ತಾಯಿಯ ಹೊಟ್ಟೆಗೆ ಅಂಟಿ ನಿಂತ ಮರಿ. ಉಸಿರು ಬಿಡಲೂ ಹೆದರಿಕೆಯಾಯಿತು. ನಾನು ಎಚ್ಚರವಿದ್ದೇನೋ ಇಲ್ಲವೋ ನೋಡಿಕೊಳ್ಳಲು ಮುಳ್ಳು ಮುಟ್ಟಿದೆ, ಚುಚ್ಚಿತು. ಇಡೀ ಸರ್ವೀಸಿನಲ್ಲಿ ನನಗೆ ಅಷ್ಟು ಸುಖವಾದ ಬೆಳಗು ಇನ್ನೊಂದಿಲ್ಲ.

ಆಮೇಲೆ ದಿನಾ ಬಂದವು. ಗಾದಿಲಿಂಗಪ್ಪನ ಕಡಲೆ ಚೇತರಿಸಿಕೊಂಡು ಕಾಯಿ ಕಟ್ಟಿ ಒಣಗುತ್ತಾ ಬಂತು. ಕಡಲೆಯನ್ನು ಇಬ್ಬನಿ ಆರುವ ಮೊದಲು ಕೀಳಬೇಕು. ಬಿಸಿಲೇರಿದರೆ ಕಾಯಿ ಒಡೆದು ಕಾಳು ನೆಲದ ಪಾಲು. ನಾಳೆ ನಾಡಿದ್ದರಲ್ಲಿ ಕೀಳುತ್ತೇನೆ ಎಂದಿದ್ದ.

ಕೀಳಬೇಕಾದ ಬೆಳಿಗ್ಗೆ ನಾನು ಮೊದಲ ಬಸ್ಸಿಗೆ ಹೋದೆ. ಹಿಂಡು ತಾಕಿನಲ್ಲಿತ್ತು. ಗಾದಿಲಿಂಗಪ್ಪ ತನ್ನ ಹೊಲದ ಬದುವಿನಲ್ಲಿ ನಿಂತಿದ್ದ. ಈರಮ್ಮ ಪಕ್ಕದಲ್ಲಿ ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು. ಅವನು ಕೈಯೆತ್ತಿ ತಾಕಿನ ಆಚೆಯ ಹಳ್ಳದ ಕಡೆ ತೋರಿಸಿದ. ಹಳ್ಳದ ದಂಡೆಯುದ್ದಕ್ಕೂ ಗೂಟ ಬಡಿದು ಬಲೆ ಕಟ್ಟಿತ್ತು. ಏಳೆಂಟು ಮಂದಿ ಬಗ್ಗಿಕೊಂಡು ತಾಕಿನ ಆಚೆ ಈಚೆ ಹರಡಿಕೊಳ್ಳುತ್ತಿದ್ದರು.

"ನಾನೇ ಕರ್ದಿದ್ನಿರಿ," ಎಂದ. "ಅಮಾಸಿಗಿಂತ ಮದ್ಲು, ಸಂತ್ಯಾಗ. ಆಮ್ಯಾಲ ಬ್ಯಾಡ ಅಂತ ಹೇಳಿ ಕಳಿಸಿದ್ದೆ. ಬಂದುಬಿಟ್ಟಾರ."

ಮೊದಲು ಬಯಲ ತುಂಬ ಚದುರಿರುತ್ತಿದ್ದ ಹಿಂಡನ್ನು ನಾವೇ ಕಡಲೆ ತಿನ್ನಿಸಿ ಒಂದೇ ಕಡೆ ತಂದು ನಿಲ್ಲಿಸಿದ್ದೆವು. ಇನ್ನು ಬಲೆಯವರು ಒಂದು ಕೇಕೆ ಹಾಕಿದರೆ ಸಾಕು. ನನ್ನ ಕೈಯಲ್ಲಿದ್ದದ್ದು ಒಂದು ಲಾಠಿ. ಅದನ್ನೇ ಎತ್ತಿಕೊಂಡು ಕೂಗುತ್ತಾ ಅವರ ಕಡೆ ಓಡಿದೆ. ಅವರು ಓಡಲಿಲ್ಲ. ಒಬ್ಬನೇ ಬರುವ ಗಾರ್ಡನ್ನು ಕಂಡು ಯಾರು ಹೆದರುತ್ತಾರೆ? ಕೂಗಿಗೆ ಹಿಂಡು ತಲೆಯೆತ್ತಿತು, ಬೇಲಿಯ ದಾರಿಯಿಂದ ಹೊರಬಿದ್ದು ಹಳ್ಳದ ಕಡೆಗೇ ತಿರುಗಿತು.

ಆಗ ಹಿಂದಿನಿಂದ ಗಾದಿಲಿಂಗಪ್ಪ ನನ್ನನ್ನು ದಾಟಿ ಹೋದ. ಆ ಎತ್ತರದ ಮನುಷ್ಯ ಅಷ್ಟು ಜೋರಾಗಿ ಓಡಬಲ್ಲನೆಂದು ನನಗೆ ಗೊತ್ತಿರಲಿಲ್ಲ. ಟವೆಲ್ಲು ಬೀಸುತ್ತಾ, ಹೋ ಹೋ ಎಂದು ಅರಚುತ್ತಾ ಬಲೆಗೂ ಹಿಂಡಿಗೂ ನಡುವೆ ನುಗ್ಗಿದ. ಹಿಂಡು ಗಕ್ಕನೆ ನಿಂತಿತು. ಎಡಕ್ಕೂ ಬಲಕ್ಕೂ ಆ ಮಂದಿ. ಬಯಲಾಗಿ ಉಳಿದಿದ್ದು ಒಂದೇ ದಿಕ್ಕು, ಅವನ ಹೊಲ. ಅಲ್ಲಿ ಬೆದರುಬೊಂಬೆ ನಿಂತಿತ್ತು. ಈರಮ್ಮ ಅದನ್ನು ಕಂಡಳು. ಓಡಿಹೋಗಿ ಎರಡೂ ಕೈಯಿಂದ ಕೋಲು ಕಿತ್ತು ಬೊಂಬೆಯನ್ನು ನೆಲಕ್ಕೆ ಕೆಡವಿ, ತಾನೂ ಅದರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತಳು.

ಗಾದಿಲಿಂಗಪ್ಪ ಹಿಂಡನ್ನು ತನ್ನ ಕಡಲೆಯ ಮೇಲೆ ಹಾಯಿಸಿದ. ಹಣ್ಣಾಗಿ ಒಣಗಿದ ಬೆಳೆಯ ಮೇಲೆ ಅವು ಹಾರಿ ಹಾರಿ ಹೋದವು. ಕಾಲ್ಗೊರಸಿನ ಕೆಳಗೆ ಕಾಯಿ ಪಟಪಟ ಒಡೆಯುವುದು ನನಗೆ ಕೇಳಿಸಿತು. ಅವನಿಗೂ ಕೇಳಿಸಿರಬೇಕು. ಆದರೂ ಕೊನೆಯ ಮರಿ ದಾಟುವವರೆಗೆ ಅರಚುತ್ತಲೇ ಅಟ್ಟಿದ. ಆಮೇಲೆ ಬಯಲು, ಧೂಳು, ಏನೂ ಇಲ್ಲ. ಕೂಗಿಗೆ ದೂರದ ಹೊಲಗಳವರು ಎದ್ದು ನೋಡತೊಡಗಿದ್ದರಿಂದ ಬಲೆಯವರು ಏನೋ ಬೈದುಕೊಂಡು ಬಲೆಯನ್ನೂ ಬಿಟ್ಟು ಹೋದರು. ಮರುದಿನ ಅದನ್ನು ಸುತ್ತಿ ಆಫೀಸಿಗೆ ಒಪ್ಪಿಸಿದೆ. ಸಾಹೇಬರು ಹಿಂಡು ಉಳಿಯಿತೇ ಎಂದು ಒಂದು ಸಲ ಕೇಳಿದರು, ಕಡಲೆ ಉಳಿಯಿತೇ ಎಂದು ಎರಡು ಸಲ ಕೇಳಿದರು.

ಆ ಬೆಳಿಗ್ಗೆ ಗಾದಿಲಿಂಗಪ್ಪನ ಹೊಲದ ನಡುವೆ ಅಗಲವಾಗಿ ಒಂದು ದಾರಿ ಬಿದ್ದಂತಾಗಿತ್ತು. ಅಲ್ಲಿ ಕಾಳೆಲ್ಲ ಬಿರುಕಿನೊಳಗೆ ಹೋಗಿತ್ತು. ಗಾದಿಲಿಂಗಪ್ಪ ಅದರ ಅಂಚಿನಲ್ಲಿ ಕುಳಿತು ಮುಖ ಒರೆಸಿಕೊಂಡ. ನನಗೆ ಅಳು ಬಂತು, ಅತ್ತುಬಿಟ್ಟೆ. ಈರಮ್ಮ ಮಾತ್ರ ಎದ್ದು, ಇಬ್ಬನಿ ಆರುತ್ತದೆ ಎಂದು ಉಳಿದ ಬೆಳೆಯನ್ನು ಕೀಳಲು ಶುರು ಮಾಡಿದಳು. ನಾವಿಬ್ಬರೂ ಸೇರಿಕೊಂಡೆವು. ಗಿಡದ ಹುಳಿಗೆ ಅಂಗೈ ಉರಿಯುತ್ತಿತ್ತು. ಬಿಸಿಲೇರಿದ ಮೇಲೆ ಕೀಳುವುದು ನಿಲ್ಲಿಸಿ, ಕಿತ್ತದ್ದನ್ನು ಒಂದೆಡೆ ಒಟ್ಟತೊಡಗಿದೆವು.

ಹೊತ್ತು ಇಳಿಯುವಾಗ ಈರಮ್ಮ ಮೆಲ್ಲಗೆ ಅತ್ತ ನೋಡಿದಳು. ಚಿಗರಿಗಳು ಒಂದೊಂದಾಗಿ ತಾಕಿನ ಕಡೆ ಮರಳಿ ಬರುತ್ತಿದ್ದವು. ಕೆಲವು ಬೇಲಿಯ ದಾರಿಯವರೆಗೂ ಹೋಗದೆ, ಬೆಳಿಗ್ಗೆ ತಾವೇ ತುಳಿದ ಜಾಗದಲ್ಲಿ ನಿಂತು ಉದುರಿದ ಕಡಲೆಗೆ ಬಾಯಿ ಹಾಕಿದವು. ನಾನು ಓಡಿಸಲು ಎದ್ದೆ. ಗಾದಿಲಿಂಗಪ್ಪ ಕಿತ್ತ ಗಿಡ ಒಟ್ಟುತ್ತಲೇ, ತಲೆ ಎತ್ತದೆ ಹೇಳಿದ:

"ಇರ್ಲಿ ಬಿಡ್ರಿ, ತಿನ್ಲಿ. ಇವತ್ತ ಭಾಳ ಓಡ್ಯಾವ."